ಊಟಕ್ಕೆ ಬಂದವರನ್ನು ಓಡಿಸಿದ್ದು

ಕಾಲೇಜುಗಳಲ್ಲಿ ದೈಹಿಕ ಶಿಕ್ಷಣ ನಿರ್ದೇಶಕ ಎಂಬ ಒಂದು ಹುದ್ದೆ ಇದೆ. ಹೆಸರು ಕೇಳಿದರೆ ಏನೋ ಭಾರಿಯಾದದ್ದನ್ನು ನಿರ್ದೇಶಿಸುವವನಂತೆ ಕಾಣುತ್ತದೆ. ಮಕ್ಕಳ ಬಾಯಲ್ಲಿ ಅದು ಬರೀ ಪೀಟಿ ಸಾರ್. ಸೋಲದೇವನಹಳ್ಳಿ ಕಡೆಯ ಒಂದು ಖಾಸಗಿ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ನಾನು ಆ ಪೀಟಿ ಸಾರ್ ಆಗಿದ್ದೆ. ಈ ಕೆಲಸಕ್ಕೆ ಹೊಸದಾಗಿ ಬರುವವರು ಟ್ರ್ಯಾಕಿನ ಅಳತೆ, ಸ್ನಾಯುಗಳ ಹೆಸರು, ಪ್ರಥಮ ಚಿಕಿತ್ಸೆ ಎಲ್ಲವನ್ನೂ ಓದಿಕೊಂಡೇ ಬಂದಿರುತ್ತಾರೆ. ಅವರ ಪುಸ್ತಕದಲ್ಲಿ ಇಲ್ಲದ್ದನ್ನು ಮಾತ್ರ ನಾನು ಇಲ್ಲಿ ಬರೆಯುತ್ತೇನೆ.

ಸೇರಿದ ಮೊದಲ ವಾರದಲ್ಲೇ ನಿಮಗೆ ಒಂದು ವಿಷಯ ಗೊತ್ತಾಗುತ್ತದೆ. ಶಾಮಿಯಾನ ಹಾಕಿಸುವವರು ನೀವು. ಗಣ್ಯರ ಕುರ್ಚಿಗೆ ಟವೆಲ್ ಹೊದಿಸುವವರು ನೀವು. ಮೈಕು ಕಿರುಚಿದರೆ ಎಲ್ಲರೂ ತಿರುಗಿ ನೋಡುವುದು ನಿಮ್ಮನ್ನು. ಹುಡುಗರು ಹೊಡೆದಾಡಿಕೊಂಡರೆ ಮಧ್ಯೆ ನಿಲ್ಲಬೇಕಾದವರು ನೀವು, ಪರೀಕ್ಷೆಯ ದಿನ ಜೇಬು ತಡಕಿ ಚೀಟಿ ಹುಡುಕಬೇಕಾದವರೂ ನೀವೇ. ಉಳಿದ ಸಮಯದಲ್ಲಿ ಮಕ್ಕಳಿಗೆ ಆಟ ಆಡಿಸಬಹುದು. ಉಳಿದ ಸಮಯ ಎನ್ನುವುದನ್ನು ನಾನು ಮೂವತ್ತೊಂದು ವರ್ಷದಲ್ಲಿ ಕಾಣಲಿಲ್ಲ.

ನನ್ನ ಮೊದಲ ಪ್ರಿನ್ಸಿಪಾಲರು ರಸಾಯನಶಾಸ್ತ್ರದವರು. ಸೇರಿದ ದಿನ ನನ್ನ ಕಾಗದಪತ್ರಗಳನ್ನು ತಿರುವಿ ಹಾಕಿ, “ನಿಮ್ಮ ಸ್ಪೆಷಲೈಸೇಶನ್ ಏನು?” ಎಂದು ಕೇಳಿದರು. “ನೂರು ಮೀಟರ್ ಸಾರ್” ಎಂದೆ. “ನಮ್ಮ ಕಾರಿಡಾರೇ ಅರವತ್ತು ಮೀಟರ್ ಇದೆಯಲ್ರೀ” ಎಂದು ಯೋಚನೆಗೆ ಬಿದ್ದರು. ಓಡಿದವನಿಗೆ ಬೆವರು ಬರುತ್ತದೆ, ಬೆವರಿದವನಿಗೆ ಕ್ಲಾಸಿನಲ್ಲಿ ನಿದ್ದೆ ಬರುತ್ತದೆ, ನಿದ್ದೆ ಮಾಡಿದವನು ಫೇಲಾಗುತ್ತಾನೆ, ಆದ್ದರಿಂದ ಕಾಲೇಜಿನ ರಿಸಲ್ಟ್ ಇಳಿಯುವುದಕ್ಕೆ ಮೂಲ ಕಾರಣ ಪೀಟಿ ಮೇಷ್ಟ್ರು ಎಂಬುದು ಅವರ ಸಿದ್ಧಾಂತ. ಒಳ್ಳೆಯ ಮನುಷ್ಯರು. ಸಿದ್ಧಾಂತವನ್ನು ಪರೀಕ್ಷೆ ಮಾಡಿ ನೋಡಲು ಮಾತ್ರ ಕೊನೆಯವರೆಗೂ ನನಗೆ ಬಿಡಲಿಲ್ಲ.

ನಮ್ಮ ಮನೆ ಸಿಂಗಾಪುರದಲ್ಲಿ. ಬೇರೆಯವರು ಸಿಂಗಾಪುರಕ್ಕೆ ಹೋಗಲು ಪಾಸ್‌ಪೋರ್ಟ್ ಹುಡುಕುತ್ತಾರೆ, ನಾವು ಬಸ್ ಪಾಸ್ ಹುಡುಕುತ್ತೇವೆ. ವಿದ್ಯಾರಣ್ಯಪುರದ ಪಕ್ಕದ ಈ ಹಳ್ಳಿ ಬಡಾವಣೆಯಾಗಿದ್ದನ್ನು ನಾನು ನಿಂತಲ್ಲೇ ನಿಂತು ನೋಡಿದವನು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ಹುಡುಗರು ಏನಿಲ್ಲವೆಂದರೂ ಬಸ್ಸಿನ ಹಿಂದಾದರೂ ಓಡುತ್ತಿದ್ದರು. ನಮ್ಮ ವಿಶ್ವವಿದ್ಯಾಲಯದ ಮಟ್ಟದ ಒಬ್ಬ ಓಟಗಾರನನ್ನು ನಾನು ಆರಿಸಿದ್ದೇ ಬಸ್ ಸ್ಟಾಪಿನಲ್ಲಿ. ಆಮೇಲೆ ಮನೆಮನೆಗೆ ಬೈಕು ಬಂತು, ಕೈಗೆ ಫೋನು ಬಂತು. ಎರಡನೇ ಮಹಡಿಯ ಕ್ಲಾಸಿಗೆ ಲಿಫ್ಟು ಕೆಟ್ಟಿದೆ ಎಂದು ರಜೆ ಕೇಳುವ ಕಾಲವೂ ಬಂತು.

ಇವರನ್ನು ಅಲ್ಲಾಡಿಸಲು ನಾನು ಮಾಡಿದ ಮೊದಲ ಪ್ರಯತ್ನವೆಂದರೆ ನಡಿಗೆ. ಹೆಸರಘಟ್ಟ ರಸ್ತೆಯವರೆಗೆ ನಡೆದು ವಾಪಸ್ ಬಂದರೆ ಹಾಜರಿ. ಮೋಸ ಮಾಡಬಾರದಲ್ಲ, ಅದಕ್ಕೆ ನಾನೇ ಆ ತುದಿಯಲ್ಲಿ ನಿಂತು ಅಂಗೈ ಮೇಲೆ ಕಾಲೇಜಿನ ಮುದ್ರೆ ಒತ್ತುತ್ತಿದ್ದೆ. ಮೊದಲ ದಿನ ಮೂವತ್ತು ಜನಕ್ಕೆ ಒತ್ತಿದೆ. ವಾಪಸ್ ಬಂದು ನೋಡಿದರೆ ಎಪ್ಪತ್ತು ಜನರ ಅಂಗೈಯಲ್ಲಿ ಮುದ್ರೆ! ಒಬ್ಬ ಮುದ್ರೆ ಒತ್ತಿಸಿಕೊಂಡು, ಅದು ಆರುವ ಮೊದಲೇ ಬೈಕಿನಲ್ಲಿ ಬಂದು ಗೆಳೆಯರ ಕೈ ಕುಲುಕಿದ್ದ. ಅವರ ಅಂಗೈಯಲ್ಲಿ ಕಾಲೇಜಿನ ಹೆಸರು ಉಲ್ಟಾ ಮೂಡಿತ್ತು. ಅವರಿಂದ ಕೈ ಕುಲುಕಿಸಿಕೊಂಡವರದ್ದು ಮತ್ತೆ ನೆಟ್ಟಗಾಗಿತ್ತು, ಸ್ವಲ್ಪ ಮಸುಕು ಅಷ್ಟೆ. ನಾನು ಉಲ್ಟಾದವರಿಗೆಲ್ಲ ಹಾಜರಿ ಕತ್ತರಿಸಿದೆ. ನೆಟ್ಟಗಿದ್ದವರಲ್ಲಿ ಯಾರು ನಡೆದವರು, ಯಾರು ಕೈ ಕುಲುಕಿದವರು ಎಂದು ಇವತ್ತಿಗೂ ಗೊತ್ತಿಲ್ಲ.

ಕಾಲ ಬದಲಾಯಿತು, ಮುದ್ರೆ ಹೋಗಿ ಹೆಜ್ಜೆ ಎಣಿಸುವ ಆ್ಯಪ್ ಬಂತು. ದಿನಕ್ಕೆ ಎಂಟು ಸಾವಿರ ಹೆಜ್ಜೆ ಹಾಕಿ ಫೋಟೋ ಕಳಿಸಿ ಎಂದೆ. ಬಿಕಾಂ ಹುಡುಗನೊಬ್ಬ ದಿನವೂ ಇಪ್ಪತ್ತೆರಡು ಸಾವಿರ ಕಳಿಸುತ್ತಿದ್ದ. ನಾನು ಉಬ್ಬಿಹೋದೆ, ಅವನನ್ನು ವೇದಿಕೆಗೆ ಕರೆದು ಹಾರ ಹಾಕಿಸಿದೆ. ಹಾರ ಹಾಕಿಸಿಕೊಂಡು ಬಂದವನು ಮೆಟ್ಟಿಲು ಇಳಿಯುವಾಗ ಏದುಸಿರು ಬಿಡುತ್ತಿದ್ದ. ಪಕ್ಕಕ್ಕೆ ಕರೆದು ಕೇಳಿದೆ. “ಅಕ್ಕ ಬಾಣಂತನಕ್ಕೆ ಬಂದಿದ್ದಾಳೆ ಸಾರ್. ಫೋನ್ ತೊಟ್ಟಿಲಿಗೆ ಕಟ್ತೀನಿ. ಮಗು ರಾತ್ರಿ ಪೂರ್ತಿ ಅಳುತ್ತೆ, ಅಮ್ಮ ತೂಗ್ತಾನೇ ಇರ್ತಾರೆ” ಎಂದ. ಇಪ್ಪತ್ತೆರಡು ಸಾವಿರ ಹೆಜ್ಜೆಯ ಹಾರ ನ್ಯಾಯವಾಗಿ ಆ ತಾಯಿಗೆ ಸೇರಬೇಕಿತ್ತು.

ಹೀಗೆ ಸೋಲುತ್ತ ಸೋಲುತ್ತ ನನ್ನ ನಿವೃತ್ತಿ ಹತ್ತಿರ ಬಂತು. ಇನ್ನು ನಾಲ್ಕು ತಿಂಗಳಿದೆ ಎನ್ನುವಾಗ ಆಡಳಿತ ಮಂಡಳಿಯ ಸೆಕ್ರೆಟರಿಯವರು ಕರೆಸಿದರು. ಅವರಿಗೆ ಎಲ್ಲವನ್ನೂ ಸ್ವತಃ ಎಣಿಸುವ ಅಭ್ಯಾಸ. ಫ್ಯಾನು, ಬೆಂಚು, ಟ್ಯೂಬ್‌ಲೈಟು, ತೋಟದ ಕುಂಡ, ಯಾವುದನ್ನೂ ಬೇರೆಯವರ ಮಾತಿನ ಮೇಲೆ ನಂಬುತ್ತಿರಲಿಲ್ಲ.

“ಮುನಿರಾಜು, ನಿಮ್ಮ ಗ್ರೌಂಡನ್ನ ನಾನು ಮೂರು ದಿನ ಮೇಲಿಂದ ನೋಡ್ದೆ” ಎಂದರು. “ಸೋಮವಾರ ಹನ್ನೊಂದು ಜನ. ಮಂಗಳವಾರ ಏಳು. ಬುಧವಾರ ಒಂದು ಹಸು.”

“ಬುಧವಾರ ಟೆಸ್ಟ್ ಇತ್ತು ಸಾರ್.”

“ಹಸುಗೆ ಇರ್ಲಿಲ್ವಲ್ಲ. ನೋಡಿ, ಹೊರಗಡೆ ಬೈಕ್ ನಿಲ್ಸೋಕೆ ಜಾಗ ಇಲ್ಲ, ಬಡಾವಣೆಯವರು ದಿನಾ ಜಗಳಕ್ಕೆ ಬರ್ತಾರೆ. ನೀವು ರಿಟೈರ್ ಆದ್ಮೇಲೆ ಆ ಪೋಸ್ಟ್ ತುಂಬೋದಿಲ್ಲ. ಗ್ರೌಂಡು ಪಾರ್ಕಿಂಗ್ ಆಗುತ್ತೆ.”

ಆ ಮೈದಾನ ನಾನು ಸೇರಿದಾಗ ಜಾಲಿ ಮುಳ್ಳಿನ ಗುಂಡಿಯಾಗಿತ್ತು. ಒಂದೊಂದು ಕಲ್ಲನ್ನೂ ಆರಿಸಿ ಎಸೆದವನು ನಾನು. ನನಗೆ ಪ್ರಶಸ್ತಿ ಬರಲಿಲ್ಲ, ನಾನು ಕಲಿಸಿದ ಯಾರೂ ದೇಶಕ್ಕೆ ಆಡಲಿಲ್ಲ. ಹಿಂದೆ ಬಿಟ್ಟುಹೋಗಲು ನನ್ನ ಹತ್ತಿರ ಇದ್ದದ್ದು ಅದೊಂದೇ ಸಪಾಟಾದ ನೆಲ, ಮತ್ತು ಅದನ್ನು ನೋಡಿಕೊಳ್ಳಲು ನನ್ನ ನಂತರ ಬರುವ ಒಬ್ಬರು. ಎರಡೂ ಇಲ್ಲ ಎಂದುಬಿಟ್ಟಿದ್ದರು. ಕೈಮುಗಿದು ಕೇಳಿದೆ: ಒಂದು ಭಾನುವಾರ ಕೊಡಿ ಸಾರ್, ಮಕ್ಕಳನ್ನು ಸೇರಿಸಿ ಸಾಮೂಹಿಕ ಓಟ ಮಾಡಿಸುತ್ತೇನೆ, ನೋಡಿ ತೀರ್ಮಾನ ಮಾಡಿ.

“ನೂರು ಜನ” ಎಂದರು ಅವರು. “ಭಾನುವಾರ ಬೆಳಿಗ್ಗೆ ಏಳಕ್ಕೆ. ಹಾಜರಿ ಆಸೆ ತೋರಿಸೋ ಹಾಗಿಲ್ಲ, ತಾವಾಗಿ ಬರ್ಬೇಕು. ನೂರು ಓಡಿದ್ರೆ ಗ್ರೌಂಡೂ ಇರುತ್ತೆ, ಪೋಸ್ಟೂ ಇರುತ್ತೆ. ತೊಂಬತ್ತೊಂಬತ್ತು ಆದ್ರೆ ಪಾರ್ಕಿಂಗು. ನಾನೇ ಬಂದು ಎಣಿಸ್ತೀನಿ.”

ಅದೇ ವಾರ ನಾನು ಅಂತರ ಕಾಲೇಜು ಕ್ರೀಡಾಕೂಟದ ತೀರ್ಪುಗಾರನಾಗಿ ತುಮಕೂರಿಗೆ ಹೋಗಬೇಕಿತ್ತು. ಬಸ್ಸಿನಲ್ಲಿ ಕೂತು, ನೋಟಿಸು ಹಾಕಿಸಲು ಆಫೀಸಿನ ವನಜಾಕ್ಷಮ್ಮನವರಿಗೆ ಮೆಸೇಜು ಕಳಿಸಿದೆ. ಇಲ್ಲೇ ಆದದ್ದು ಅನಾಹುತ. ಫೋನಿನ ಕನ್ನಡ ಕೀಲಿಗಳು ನನ್ನ ದಪ್ಪ ಬೆರಳಿಗೆ ಬಗ್ಗುವುದಿಲ್ಲ, ಹಾಗಾಗಿ ಎಲ್ಲರಂತೆ ನಾನೂ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಒತ್ತುವವನು. ಓಟ ಎಂದು ಬರೆಯಬೇಕು. ಒ ಹ್ರಸ್ವ, ಅದಕ್ಕೆ ಒಂದು ಇಂಗ್ಲಿಷ್ ಓ ಸಾಕು. ಓ ದೀರ್ಘ, ಆದ್ದರಿಂದ ಎರಡು ಒತ್ತಬೇಕು. ವ್ಯಾಕರಣದ ಪ್ರಕಾರ ನಾನು ಸರಿ. ಆದರೆ ಇಂಗ್ಲಿಷಿನಲ್ಲಿ ಎರಡು ಓ ಒಟ್ಟಿಗೆ ಕೂತರೆ ಊ ಆಗಿಬಿಡುತ್ತದೆ. ನಾನು ಕಳಿಸಿದ ಓಟ ಸೋಲದೇವನಹಳ್ಳಿ ತಲುಪುವಷ್ಟರಲ್ಲಿ ಊಟವಾಗಿತ್ತು. ವನಜಾಕ್ಷಮ್ಮ ಅದನ್ನು ಶುದ್ಧ ಕನ್ನಡಕ್ಕಿಳಿಸಿ, ಸೀಲು ಹಾಕಿ, ಬೋರ್ಡಿಗೂ ಹಚ್ಚಿ, ಎಲ್ಲ ಕ್ಲಾಸುಗಳ ಗ್ರೂಪಿಗೂ ಕಳಿಸಿದರು. ಆ ನೋಟಿಸು ಹೀಗಿತ್ತು:

“ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಕಾಲೇಜು ಮೈದಾನದಲ್ಲಿ ಸಾಮೂಹಿಕ ಊಟ. ಎಲ್ಲರೂ ಖಾಲಿ ಹೊಟ್ಟೆಯಲ್ಲಿ ಬರತಕ್ಕದ್ದು. ಸಡಿಲವಾದ ಬಟ್ಟೆ ಧರಿಸತಕ್ಕದ್ದು. ಮಧ್ಯದಲ್ಲಿ ಸುಸ್ತಾದವರಿಗೆ ಪ್ರಥಮ ಚಿಕಿತ್ಸೆಯ ವ್ಯವಸ್ಥೆ ಇರುತ್ತದೆ. ಕೊನೆಯವರೆಗೂ ಬಿಡದೆ ಮುಗಿಸಿದವರಿಗೆ ಚಪ್ಪಾಳೆಯ ಗೌರವ.”

ಇದ್ಯಾವುದೂ ಗೊತ್ತಿಲ್ಲದೆ ನಾನು ತುಮಕೂರಿನಲ್ಲಿ ಸಂತೋಷದಿಂದ ಇದ್ದೆ. ಯಾಕೆಂದರೆ ಶುಕ್ರವಾರದಿಂದಲೇ ಮಕ್ಕಳ ಫೋನು ಶುರುವಾಯಿತು. ಮೂವತ್ತೊಂದು ವರ್ಷದಲ್ಲಿ ಯಾವ ಓಟಕ್ಕೂ ಒಬ್ಬನೂ ಫೋನು ಮಾಡಿ ವಿಚಾರಿಸಿದವನಲ್ಲ. ಕೊನೆಯ ವರ್ಷದ ಬಿಕಾಂನ ಸಾನಿಯಾ ಎಂಬ ಹುಡುಗಿ, ಆರ್‌ಟಿ ನಗರದವಳು, ಮೊದಲು ಕರೆ ಮಾಡಿದಳು.

“ಸಾರ್, ಮನೆಯವರನ್ನೂ ಕರ್ಕೊಂಡ್ ಬರ್ಬಹುದಾ?”

ಮನೆಮಂದಿಯೆಲ್ಲ ಓಡುತ್ತಾರೆ ಎಂದು ನನ್ನ ಕಣ್ಣಲ್ಲಿ ನೀರೇ ಬಂತು. “ಬರ್ಲಿ ಕಣಮ್ಮಾ, ಎಷ್ಟು ಜನ ಆದ್ರೂ ಬರ್ಲಿ!”

“ಎಷ್ಟ್ ರೌಂಡ್ ಇರುತ್ತೆ ಸಾರ್?”

“ಎರಡು ರೌಂಡ್ ಎಲ್ಲರೂ ಮಾಡ್ಲೇಬೇಕು. ಶಕ್ತಿ ಇದ್ದವರು ಮೂರನೇದೂ ಮಾಡಿ. ಆದ್ರೆ ಶುರುನಲ್ಲೇ ಜೋರು ಮಾಡ್ಬೇಡಿ, ನಿಧಾನಕ್ಕೆ ಹೋಗಿ.”

“ಸೂಪರ್ ಸಾರ್” ಎಂದು ಇಟ್ಟಳು.

ಭಾನುವಾರ ಬೆಳಿಗ್ಗೆ ಆರೂಮುಕ್ಕಾಲಿಗೆ ಗೇಟಿನ ಒಳಗೆ ಕಾಲಿಟ್ಟವನು ಅಲ್ಲೇ ನಿಂತೆ. ಮೈದಾನ ತುಂಬ ಜನ. ಮುನ್ನೂರರ ಹತ್ತಿರ ಇದ್ದರು. ನನ್ನ ಎದೆ ಉಬ್ಬಿತು. ಹತ್ತಿರ ಹೋದಾಗ ಒಂದೆರಡು ಸಂಗತಿ ವಿಚಿತ್ರ ಅನ್ನಿಸಿತು. ಬಹಳ ಮಂದಿ ತಟ್ಟೆ ಹಿಡಿದಿದ್ದರು. ಒಬ್ಬನ ಅಜ್ಜಿ ರೇಷ್ಮೆ ಸೀರೆ ಉಟ್ಟು ಬಂದಿದ್ದರು. ನನ್ನನ್ನು ನೋಡಿ, “ಎಲೆ ಹಾಕೋದು ಯಾವ ಕಡೆಗಪ್ಪಾ?” ಎಂದು ಕೇಳಿದರು. ಸಾನಿಯಾ ಓಡಿಬಂದು ನೋಟಿಸನ್ನು ಫೋನಿನಲ್ಲಿ ತೋರಿಸಿದಳು. ಓದಿದೆ. ಎರಡನೇ ಸಲ ಓದಿದೆ.

ವನಜಾಕ್ಷಮ್ಮನವರಿಗೆ ಫೋನು ಹಚ್ಚಿದೆ. “ಊಟ ಅಂತ ಯಾಕೆ ಹಾಕಿದ್ರಿ ಮೇಡಂ? ನಾನು ಹೇಳಿದ್ದು ಓಟ, ಓಟ!”

“ನೀವು ಕಳ್ಸಿದ್ದು ಊಟಾನೇ ಸಾರ್, ಮೆಸೇಜ್ ಇಟ್ಕೊಂಡಿದ್ದೀನಿ.”

“ಖಾಲಿ ಹೊಟ್ಟೆ, ಸಡಿಲ ಬಟ್ಟೆ, ಪ್ರಥಮ ಚಿಕಿತ್ಸೆ ಅಂತೆಲ್ಲ ಇತ್ತಲ್ಲ, ಅನುಮಾನ ಬರ್ಲಿಲ್ವಾ?”

“ರಿಟೈರ್‌ಮೆಂಟ್ ಊಟ ಸಾರ್, ಜೋರಾಗೇ ಹಾಕಿಸ್ತಿದ್ದೀರ ಅಂದ್ಕೊಂಡೆ” ಎಂದರು. ಮೆಲ್ಲಗೆ ಸೇರಿಸಿದರು: “ಅಲ್ಲದೆ ನೀವು ಓಟಕ್ಕೆ ಕರೆದಾಗ ಯಾವತ್ತು ಯಾರು ಬಂದಿದ್ದಾರೆ, ಹೇಳಿ.”

ನನ್ನ ಹತ್ತಿರ ಇದ್ದದ್ದು ನೂರು ಬಾಳೆಹಣ್ಣು ಮತ್ತು ಎರಡು ಡ್ರಮ್ಮು ಗ್ಲೂಕೋಸ್ ನೀರು. ಇವರನ್ನು ಹಾಗೇ ಕಳಿಸಿದರೆ ಮೈದಾನ ಹೋಯಿತು. ನಿಜ ಹೇಳಿದರೂ ಹೋಯಿತು. ನಾನು ಕಾಲಿಗೆ ಬುದ್ಧಿ ಹೇಳುವುದೊಂದು ಬಾಕಿ. ಕಾಲೇಜಿನ ಕ್ಯಾಂಟೀನ್ ನಡೆಸುವ ಸೀನಣ್ಣ ಅಲ್ಲೇ ಹಿಂದೆ ವಾಸ, ಹೆಸರಘಟ್ಟದ ಆಚೆಯ ಹಳ್ಳಿಯವನು. ಅವನ ಬಾಗಿಲು ಬಡಿದು ಎಬ್ಬಿಸಿದೆ. ಕಣ್ಣುಜ್ಜಿಕೊಂಡು ಬಂದು ಮೈದಾನದ ಕಡೆ ನೋಡಿದ.

“ಇದೇನ್ ಸಾ, ಇಂಗೆ ಜನ! ಯಾರಾನಾ ಮಿನಿಸ್ಟ್ರು ಬತ್ತವ್ರಾ?”

“ಸೀನಣ್ಣ, ಮುನ್ನೂರು ಜನಕ್ಕೆ ಊಟ ಬೇಕು. ಈಗ.”

“ಈಗ ಅಂದ್ರೆ ಎಂಗೆ ಸಾ? ನಾಳೆಗೆ ಅಂತ ಅಕ್ಕಿ ಐತೆ, ಪುಳಿಯೋಗರೆ ಗೊಜ್ಜು ಐತೆ. ಅನ್ನ ಆಗಾಕೆ ಒಂದ್ ಗಂಟೆ ಬೇಕು. ಅಲ್ಲೀಗಂಟ ಈ ಐಕ್ಳನ್ನ ಎಂಗಾನಾ ಇಡ್ಕೊಳ್ಳಿ.”

ಒಂದು ಗಂಟೆ ಮುನ್ನೂರು ಹಸಿದ ಜನರನ್ನು ಹಿಡಿದುಕೊಳ್ಳುವುದು ಹೇಗೆ? ಹಾಡು ಹೇಳಲು ನನಗೆ ಬರುವುದಿಲ್ಲ, ಭಾಷಣ ಮಾಡಿದರೆ ಅವರು ಉಳಿಯುವುದಿಲ್ಲ. ನನಗೆ ಬರುವುದು ಒಂದೇ ವಿದ್ಯೆ. ಕುರ್ಚಿ ಹತ್ತಿ ನಿಂತು ಕೂಗಿದೆ: “ಊಟ ಇದೆ! ಪುಳಿಯೋಗರೆ! ಆದ್ರೆ ಊಟಕ್ಕೆ ಮೊದ್ಲು ಹಸಿವು ಬೇಕಲ್ವಾ?”

“ಹಸಿವು ಇದೆ ಸಾರ್!” ಎಂದು ಹಿಂದಿನಿಂದ ಒಬ್ಬ ಕೂಗಿದ. “ಖಾಲಿ ಹೊಟ್ಟೇಲಿ ಬನ್ನಿ ಅಂತ ನೀವೇ ಹಾಕಿದ್ರಲ್ಲ!”

“ಆ ಹಸಿವು ಸಾಲಲ್ಲ! ಇದು ಸೀನಣ್ಣನ ಅಡುಗೆ!” ಎಂದೆ. ಎಲ್ಲರೂ ನಕ್ಕರು. ನಕ್ಕಾಗ ಮನುಷ್ಯ ಸ್ವಲ್ಪ ಸಡಿಲವಾಗುತ್ತಾನೆ, ಅದೇ ಗಳಿಗೆಯಲ್ಲಿ ಓಡಿಸಿಬಿಡಬೇಕು. ತಟ್ಟೆಗಳನ್ನೆಲ್ಲ ಅಜ್ಜಿಯ ವಶಕ್ಕೆ ಕೊಡಿಸಿ, ಮುಂದಿನ ಗೇಟಿನಿಂದ ಹೊರಡಿಸಿದೆ. ಅಲ್ಲಿಂದ ಬಡಾವಣೆಯ ರಸ್ತೆ ಬಳಸಿ ಹಿಂದಿನ ಗೇಟಿನಿಂದ ಒಳಗೆ ಬಂದರೆ ಒಂದು ಸುತ್ತು. ವರ್ಷಗಟ್ಟಲೆ ಬೀಗ ಹಾಕಿದ್ದ ಆ ಹಿಂದಿನ ಗೇಟನ್ನು ನಾನು ಅವತ್ತು ಇದಕ್ಕೆಂದೇ ತೆಗೆಸಿದ್ದೆ. ಸಾನಿಯಾ ಓಡುತ್ತಲೇ ಫೋನಿನಲ್ಲಿ ಮನೆಗೆ ವರದಿ ಮಾಡುತ್ತಿದ್ದಳು: “ಹೌ ಅಮ್ಮೀ, ಖಾನಾ ಬೋಲ್ಕೆ ಬುಲಾಯೆ, ಅಬ್ಬಿ ದೌಡೋ ಬೋಲ್ರೈಂ!” ಊಟಕ್ಕೆ ಕರೆದು ಓಡು ಅಂತಿದ್ದಾರೆ ಎಂಬ ದೂರು ನನಗೂ ಅರ್ಥವಾಯಿತು. ದೂರುತ್ತಲೇ ಅವಳು ಎಲ್ಲರಿಗಿಂತ ಮುಂದೆ ಇದ್ದಳು.

ಹೊಸಬರೇ, ಓಟದ ದೂರವನ್ನು ಕಿಲೋಮೀಟರಿನಲ್ಲಿ ಅಳೆಯಬೇಕು ಎಂದು ನೀವು ಓದಿರುತ್ತೀರಿ. ಅವತ್ತು ನಮ್ಮ ಓಟದ ದೂರ ಅನ್ನ ಬೇಯುವಷ್ಟು. ಒಂದು ಸುತ್ತು ಮುಗಿಸಿ ಬಂದಾಗ ಸೀನಣ್ಣ ಕಿಟಕಿಯಿಂದ ಕೈ ಅಲ್ಲಾಡಿಸಿದ, ಕುದಿ ಬಂದಿಲ್ಲ ಎಂದು. ಎರಡನೆಯದಕ್ಕೆ ಕಳಿಸಿದೆ. ಅದು ಮುಗಿಯುವಾಗ ಕಿಟಕಿಯಿಂದ ಕೂಗಿದ: “ಸಿಲಿಂಡ್ರು ಖಾಲಿ ಸಾ! ಬೇರೆ ಆಕ್ತಾ ಇವ್ನಿ, ಇನ್ನೊಂದಪ ಓಡ್ಸಿ!” ಮೂರನೆಯದಕ್ಕೂ ಹೊರಟರು. ಯಾರೂ ಬೈಕು ಮುಟ್ಟಲಿಲ್ಲ, ಯಾರೂ ಲಿಫ್ಟು ಹುಡುಕಲಿಲ್ಲ. ಬಡಾವಣೆಯ ಹೆಂಗಸರು ರಂಗೋಲಿ ಬಿಟ್ಟು ನಿಂತು ನೋಡಿದರು. ಒಬ್ಬ ಮಚ್ಚಾ, ಮಚ್ಚಾ ಎಂದು ಗೆಳೆಯನ ಭುಜಕ್ಕೆ ಜೋತುಬಿದ್ದಿದ್ದ. ಗೆಳೆಯ ಅವನನ್ನು ಎಳೆದುಕೊಂಡೇ ಓಡುತ್ತಿದ್ದ. ರೇಷ್ಮೆ ಸೀರೆಯ ಅಜ್ಜಿ ಕೂತು ಬೇಸರವಾಗಿ ಅರ್ಧ ಸುತ್ತು ನಡೆದು ಬಂದರು. ಮುನ್ನೂರು ಜನ ನಗುತ್ತ, ಬೈಯುತ್ತ, ಕೆಂಪಗಾಗಿ ಓಡಿದರು. ನನ್ನ ವೃತ್ತಿಯಲ್ಲೇ ಅಂಥ ದೃಶ್ಯ ನಾನು ನೋಡಿರಲಿಲ್ಲ.

ನೋಡಬೇಕಾದವರು ಮಾತ್ರ ಬಂದಿರಲಿಲ್ಲ. ಸೆಕ್ರೆಟರಿಯವರ ಕಾರು ಹೆಬ್ಬಾಳದ ಫ್ಲೈಓವರಿನ ಮೇಲೆ ಸಿಕ್ಕಿಕೊಂಡಿತ್ತು. ಅವರು ಒಳಗೆ ಬಂದಾಗ ಓಟವೆಲ್ಲ ಮುಗಿದು, ಮುನ್ನೂರು ಜನ ಮೈದಾನದಲ್ಲಿ ಸಾಲಾಗಿ ಕೂತು ಪುಳಿಯೋಗರೆ ತಿನ್ನುತ್ತಿದ್ದರು. ನಾನು ಬಕೆಟ್ಟು ಹಿಡಿದು ಎರಡನೇ ಸಲ ಬಡಿಸುತ್ತಿದ್ದೆ. ಅವರು ಗೇಟಿನ ಹತ್ತಿರವೇ ನಿಂತು ನೋಡಿದರು. ಬೋರ್ಡಿನ ನೋಟಿಸನ್ನು ಓದಿದರು. ಆಮೇಲೆ ನನ್ನ ಹತ್ತಿರ ಬಂದರು.

“ಮುನಿರಾಜು, ಇದು ಓಟವೋ ತಿಥಿಯೋ?”

“ಓಡಿದ್ರು ಸಾರ್. ಮೂರು ಸುತ್ತು. ಮುನ್ನೂರು ಜನ. ದೇವರಾಣೆ.”

“ಇವ್ರೆಲ್ಲ ಊಟಕ್ಕೆ ಬಂದವ್ರು ಕಣ್ರೀ. ಊಟ ಹಾಕಿದ್ರೆ ನಾನೂ ಜನ ಸೇರಿಸ್ತೀನಿ.” ಬಾಯಿ ತೆರೆದ ನನ್ನನ್ನು ಕೈಯೆತ್ತಿ ತಡೆದರು. “ಮುಂದಿನ ಭಾನುವಾರ. ಊಟ ಇರಬಾರ್ದು, ತಿಂಡಿ ಇರಬಾರ್ದು. ನೂರು ಜನ. ಇದೇ ಕೊನೆ.” ಹೊರಡುವ ಮುನ್ನ ಒಂದು ಸೌಟು ಪುಳಿಯೋಗರೆ ಹಾಕಿಸಿಕೊಂಡು ತಿಂದರು. ಚೆನ್ನಾಗಿದೆ ಎಂದರು.

ಈ ಸಲ ನೋಟಿಸನ್ನು ನಾನೇ ಕೈಯಲ್ಲಿ ಬರೆದೆ: ಸಾಮೂಹಿಕ ಓಟ. ಊಟ ಇರುವುದಿಲ್ಲ. ವನಜಾಕ್ಷಮ್ಮ ಓದಿ, “ಇಷ್ಟು ನಿಜ ಬರೆದ್ರೆ ಯಾರ್ ಸಾರ್ ಬರ್ತಾರೆ?” ಎಂದರು. ಆ ವಾರ ಒಂದು ಫೋನೂ ಬರಲಿಲ್ಲ. ಶನಿವಾರ ಹೆಂಡತಿಗೆ ಹೇಳಿದೆ, ನಾಳೆ ಬೇಗ ಬಂದುಬಿಡುತ್ತೇನೆ, ಯಾರೂ ಇರುವುದಿಲ್ಲ.

ಭಾನುವಾರ ಚಳಿ, ಮಂಜು. ಆರೂವರೆಗೆ ಮೈದಾನದಲ್ಲಿ ನಾನೊಬ್ಬನೇ. ಆರೂ ಮುಕ್ಕಾಲಿಗೆ ಸಾನಿಯಾ ಬಂದಳು, ಜೊತೆಗೆ ನಾಲ್ಕು ಹುಡುಗಿಯರು. ಆಮೇಲೆ ಇಬ್ಬರು, ಮೂವರು, ಕೈ ಉಜ್ಜಿಕೊಳ್ಳುತ್ತ ಬರತೊಡಗಿದರು. ಎಲ್ಲರೂ ಕಾಲೇಜಿನ ನೀಲಿ ಟೀಶರ್ಟು ಹಾಕಿದ್ದರು.

“ಇವತ್ತು ಊಟ ಇಲ್ಲ, ಗೊತ್ತು ತಾನೇ?” ಎಂದೆ.

“ಗೊತ್ತು ಸಾರ್. ಹೋದ್ ವಾರ ಓಡಿದ್ಮೇಲೆ ಒಂಥರಾ ಚೆನ್ನಾಗಿತ್ತು. ಅದಕ್ಕೇ ಬಂದ್ವಿ” ಎಂದಳು ಸಾನಿಯಾ.

ಏಳು ಗಂಟೆಗೆ ಎಣಿಸಿದೆ. ಅರವತ್ತಮೂರು. 

ಸೋತೆ ಎಂದು ಗೊತ್ತಾಯಿತು. ಆದರೂ ಇನ್ನೊಂದು ಸಲ ಎಣಿಸಿದೆ. ಹಾಜರಿ ಇಲ್ಲ, ಅನ್ನ ಇಲ್ಲ, ಏನೂ ಇಲ್ಲ, ಭಾನುವಾರದ ಚಳಿಯಲ್ಲಿ ಸುಮ್ಮನೆ ಓಡಲು ಅರವತ್ತಮೂರು ಮಕ್ಕಳು ಎದ್ದು ಬಂದಿದ್ದರು. ಇದಕ್ಕಾಗಿ ತಾನೇ ನಾನು ಇಷ್ಟು ವರ್ಷ ಸರ್ಕಸ್ಸು ಮಾಡಿದ್ದು! ಮೂರು ಸುತ್ತು ಎಂದು ಹೇಳಿ ಬಿಟ್ಟೆ.

ಸೆಕ್ರೆಟರಿಯವರು ಈ ಸಲ ಸರಿಯಾದ ಹೊತ್ತಿಗೆ ಬಂದಿದ್ದರು. ಶಾಲು ಹೊದ್ದು, ಮುಂದಿನ ಗೇಟಿನ ಪಕ್ಕ ಮೈದಾನಕ್ಕೆ ಬೆನ್ನಾಗಿ ಕುರ್ಚಿ ಹಾಕಿಸಿ, ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ಕೂತರು. ಗೇಟು ದಾಟಿ ಹೋದ ಒಬ್ಬೊಬ್ಬರಿಗೂ ಒಂದೊಂದು ಗೀಟು. ತಲೆ ಎತ್ತದೆ, ಕಾಲು ನೋಡಿಕೊಂಡೇ ಗೀಟು ಹಾಕುತ್ತಿದ್ದರು. ನಾನು ತಪ್ಪಿಸಿಕೊಳ್ಳಲಾಗದ ಮಾತಿಗೆ ಸಿದ್ಧನಾಗಿ ಮೈದಾನದ ನಡುವೆ ನಿಂತಿದ್ದೆ. ಮುಂದಿದ್ದವರು ಹಿಂದಿನ ಗೇಟಿನಿಂದ ಬಂದು, ಮೈದಾನ ದಾಟಿ, ಮತ್ತೆ ಮುಂದಿನ ಗೇಟಿನಿಂದ ಹೊರಟರು. ಹಿಂದಿನ ಗೇಟು ತೆರೆದಿರುವುದು ಸೆಕ್ರೆಟರಿಯವರಿಗೆ ಗೊತ್ತಿರಲಿಲ್ಲ. ಅವರು ಗೀಟು ಹಾಕುತ್ತಲೇ ಇದ್ದರು.

ನನಗೆ ಅರ್ಥವಾದದ್ದು ಮೂರನೆಯ ಸುತ್ತಿನ ಕೊನೆಗೆ. ಹತ್ತಿರ ಹೋದಾಗ ಅವರ ಮುಖ ಅರಳಿತ್ತು. “ಬರ್ತಾನೇ ಇದ್ದಾರಲ್ರೀ ಮುನಿರಾಜು! ಸುಮಾರು ನೂರ ತೊಂಬತ್ತು ಆಯ್ತು!”

ಅಷ್ಟರಲ್ಲಿ ಸಾನಿಯಾ ಏದುಸಿರು ಬಿಡುತ್ತ ಬಂದಳು. “ಸಾರ್” ಎಂದು ನನ್ನ ಕಿವಿಯ ಹತ್ತಿರ ನಕ್ಕಳು, “ಅವ್ರು ನನ್ನೊಬ್ಬಳನ್ನೇ ಮೂರು ಸಲ ಬರ್ಕೊಂಡ್ರು. ಹೇಳ್ಬಿಡ್ಲಾ?”

ಹೇಳು ಎನ್ನಬೇಕಿತ್ತು. ಹೋದ ವಾರ ನಿಜವಾಗಿ ಓಡಿದ ಮುನ್ನೂರು ಜನರನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ ಎಂಬುದೂ ತಲೆಯಲ್ಲಿ ಬಂತು, ಆದರೆ ಅದು ನೆಪ. ನನಗೆ ಕಂಡದ್ದು ಮೈದಾನದ ತುಂಬ ಸಾಲಾಗಿ ನಿಂತ ಬೈಕುಗಳು. ಏನು ಮಾಡುತ್ತಿದ್ದೇನೆ ಎಂದು ಯೋಚಿಸುವ ಮೊದಲೇ ನಾನು ಸೀಟಿ ಊದಿಬಿಟ್ಟೆ. ಸೆಕ್ರೆಟರಿಯವರ ಬೆನ್ನ ಹಿಂದೆ ಒಂದು ಬೆರಳೆತ್ತಿ, ಇನ್ನೊಂದು ರೌಂಡ್ ಎಂದು ಸನ್ನೆ ಮಾಡಿದೆ. ಮಕ್ಕಳು ನನ್ನನ್ನು ಶಪಿಸುತ್ತ ನಾಲ್ಕನೆಯ ಸುತ್ತಿಗೆ ಹೊರಟರು. ಸಾನಿಯಾ ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ಅವರ ಹಿಂದೆ ಓಡಿದಳು.

“ಇನ್ನೂ ಇದ್ದಾರಾ!” ಎಂದು ಸೆಕ್ರೆಟರಿಯವರು ಹಾಳೆ ತಿರುಗಿಸಿದರು.

ಅವರ ಒಟ್ಟು ಲೆಕ್ಕ ಇನ್ನೂರ ಐವತ್ತನಾಲ್ಕು. ಅರವತ್ತಮೂರನ್ನು ನಾಲ್ಕು ಸಲ ಎಣಿಸಿದರೂ ಇನ್ನೂರ ಐವತ್ತೆರಡೇ ಆಗುತ್ತದೆ. ಉಳಿದ ಇಬ್ಬರು ವಾಕಿಂಗ್ ಬಂದ ಯಾರೋ ಗಂಡ ಹೆಂಡತಿ ಇರಬೇಕು. ಆ ಸಂಖ್ಯೆಯನ್ನು ತಮ್ಮ ಕೈಯಾರೆ ಕ್ರೀಡಾ ವಿಭಾಗದ ರಿಜಿಸ್ಟರಿನಲ್ಲಿ ಬರೆದು ರುಜು ಹಾಕಿದರು. “ನಿಮ್ಮನ್ನ ನಾನು ತಪ್ಪು ತಿಳ್ಕೊಂಡಿದ್ದೆ, ಕ್ಷಮಿಸಿ” ಎಂದು ನನ್ನ ಕೈ ಹಿಡಿದರು. ಅದಕ್ಕಿಂತ ಅವರು ಬೈದಿದ್ದರೆ ಚೆನ್ನಾಗಿತ್ತು. ಮೈದಾನ ಉಳಿಯಿತು. ಹುದ್ದೆಗೆ ಅರ್ಜಿ ಕರೆದರು. ನಾನು ಹಾರ ಹಾಕಿಸಿಕೊಂಡು ಮನೆಗೆ ಬಂದೆ, ಯಾರಿಗೂ ಬಾಯಿ ಬಿಡಲಿಲ್ಲ.

ನನ್ನ ಜಾಗಕ್ಕೆ ಚೈತ್ರಾ ಎಂಬ ಹೆಣ್ಣುಮಗಳು ಬಂದಳು. ಮೊದಲ ಕೆಲಸ, ಮೊದಲ ಊರು. ಸೇರಿ ಎರಡು ತಿಂಗಳಿಗೆ, ಕಳೆದ ವಾರ, ನನಗೆ ಫೋನು ಮಾಡಿದಳು.

“ಸರ್, ರಿಜಿಸ್ಟರಲ್ಲಿ ನಿಮ್ಮ ಓಟಕ್ಕೆ ಇನ್ನೂರ ಐವತ್ನಾಲ್ಕು ಜನ ಅಂತ ಇದೆ. ನಾನು ಏನ್ ಮಾಡಿದ್ರೂ ಎಪ್ಪತ್ತೊಂದರ ಮೇಲೆ ಬರ್ತಿಲ್ಲ. ಮಿಕ್ಕವ್ರನ್ನ ಎಲ್ಲಿ ಕಳ್ಕೊಂಡ್ರಿ ಅಂತ ಸೆಕ್ರೆಟರಿ ಸರ್ ಕೇಳ್ತಿದ್ದಾರೆ. ನನಗೆ ಈ ಕೆಲಸ ಬರಲ್ಲ ಅನ್ಸುತ್ತೆ ಸರ್. ರಾಜೀನಾಮೆ ಬರ್ದಿಟ್ಟಿದ್ದೀನಿ.”

ಎರಡು ದಿನ ತಡೆಯಮ್ಮಾ, ಒಂದಿಷ್ಟು ಬರೆದು ಕಳಿಸುತ್ತೇನೆ ಎಂದು ಇಟ್ಟೆ. ಇಷ್ಟು ಹೊತ್ತು ನೀವು ಓದಿದ್ದು ಅದೇ. ಇದರ ಒಂದು ಪ್ರತಿಯನ್ನು ನಾಳೆ ನಾನೇ ಹೋಗಿ ಸೆಕ್ರೆಟರಿಯವರ ಕೈಗೆ ಕೊಡುತ್ತೇನೆ. ಬೈದರೆ ನನ್ನನ್ನು ಬೈಯಲಿ, ಅವರು ಬೈಯುವ ಲೆಕ್ಕದಲ್ಲಿ ನಾನೊಬ್ಬನೇ ಬರುವವನು.

ಚೈತ್ರಮ್ಮ, ನೀವು ಯಾರನ್ನೂ ಕಳೆದುಕೊಂಡಿಲ್ಲ. ಆ ರಿಜಿಸ್ಟರು ಸುಳ್ಳು. ನನಗಾಗಿ ಹಾಸಿಗೆಯಿಂದ ಎದ್ದು ಬಂದವರು ಅರವತ್ತಮೂರೇ ಜನ, ಅದಕ್ಕೆ ನನಗೆ ಮೂವತ್ತೊಂದು ವರ್ಷ ಹಿಡಿಯಿತು. ನೀವು ಎರಡು ತಿಂಗಳಲ್ಲಿ ನನಗಿಂತ ಎಂಟು ಜನರನ್ನು ಹೆಚ್ಚು ಎಬ್ಬಿಸಿದ್ದೀರಿ.